ಹಗ್ಗಕ್ಕೆ ಕೈ ಹಾಕುವುದು ಕೊನೆಗೆ: ಚಂಡಮಾರುತಕ್ಕೆ ಮುಂಚೆ ಬೋಟ್ ಭದ್ರ ಮಾಡುವ ಕ್ರಮ

ಚಂಡಮಾರುತದ ಸುದ್ದಿ ಬಂತು ಎಂದರೆ ಮಲ್ಪೆ ದಕ್ಕೆಯಲ್ಲಿ (ಬೋಟ್ ಕಟ್ಟುವ ಕಟ್ಟೆ) ಎಲ್ಲರ ಕೈ ಮೊದಲು ಹೋಗುವುದು ಹಗ್ಗಕ್ಕೆ. ಇನ್ನೊಂದು ಸುತ್ತು ಹಾಕು, ಇನ್ನೂ ಸ್ವಲ್ಪ ಬಿಗಿ ಎಳಿ, ಆಯ್ತು, ಮನೆಗೆ ಹೋಗುವ. ಮರುದಿನ ಬಂದು ನೋಡಿದರೆ ಹಗ್ಗ ಕಡಿದಿರುತ್ತದೆ. ಇಲ್ಲಾ, ಹಗ್ಗ ಸರಿಯಾಗಿಯೇ ಇದ್ದು ಅದನ್ನು ಕಟ್ಟಿದ ಕಂಬವೇ ಡೆಕ್‌ನಿಂದ ಕಿತ್ತು ಬಂದಿರುತ್ತದೆ.

ನಾನು ಬೋಟ್‌ಗಳ ವೈರಿಂಗ್ ಮತ್ತು ಪಂಪ್ ಕೆಲಸ ಮಾಡುವವ. ಗಾಳಿ ನಿಂತ ಮರುದಿನ ನನ್ನ ಫೋನ್‌ಗೆ ಪುರುಸೊತ್ತು ಇರುವುದಿಲ್ಲ. ಎಂಜಿನ್ ರೂಮಿನಲ್ಲಿ ನೀರು, ಬ್ಯಾಟರಿ ಡೆಡ್, ಪಕ್ಕದ ಬೋಟ್ ಬಡಿದು ಬದಿ ಒಡೆದಿದೆ. ಎಲ್ಲ ಕರೆಯೂ ಹೆಚ್ಚುಕಡಿಮೆ ಇದೇ. ಇದರಲ್ಲಿ ಮುಕ್ಕಾಲು ಪಾಲು ಕಡಲಿನಲ್ಲಿ ಆದ ಹಾನಿಯೇ ಅಲ್ಲ, ದಕ್ಕೆಯಲ್ಲಿ ಕಟ್ಟಿಟ್ಟ ಜಾಗದಲ್ಲೇ ಆದದ್ದು. ಕೆಲಸ ಮಾಡಲಿಲ್ಲ ಅಂತಲೂ ಅಲ್ಲ. ಮಾಡಿದ್ದಾರೆ, ಆದರೆ ಹಿಂದು ಮುಂದಾಗಿ ಮಾಡಿದ್ದಾರೆ. ಅದಕ್ಕೆ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟ್, ಮೀನಿನ ಹಿಂಡಿಗೆ ಸುತ್ತ ಬಲೆ ಬಿಡುವ ಪರ್ಸೀನ್ ಬೋಟ್‌ನವರಿಗೆ ಎಲ್ಲ ಹಂತವೂ ಬೇಕು. ಸಣ್ಣ ನಾಡದೋಣಿಯವರು ಒಂದು, ಎರಡನೇ ಹಂತ ಓದಿ ನೇರ ಎಂಟಕ್ಕೆ ಹೋಗಬಹುದು.

ಹಂತ 1: ಗಂಟೆ ಲೆಕ್ಕ ಹಾಕಿ

ಹವಾಮಾನ ಇಲಾಖೆ ಚಂಡಮಾರುತದ ಎಚ್ಚರಿಕೆಯನ್ನು ನಾಲ್ಕು ಹಂತದಲ್ಲಿ ಕೊಡುತ್ತದೆ. ಮೊದಲ ಸೂಚನೆ ಸುಮಾರು 72 ಗಂಟೆ ಮುಂಚೆ. ಹಳದಿ 48 ಗಂಟೆ ಮುಂಚೆ, ಕಿತ್ತಳೆ 24 ಗಂಟೆ ಮುಂಚೆ, ಕೆಂಪು 12 ಗಂಟೆ ಮುಂಚೆ. ನಮ್ಮಲ್ಲಿ ಹೆಚ್ಚಿನವರು ಎದ್ದು ಓಡುವುದು ಕಿತ್ತಳೆಗೆ. ಅಷ್ಟು ಹೊತ್ತಿಗೆ ಒಳ್ಳೆ ಜಾಗ ಹೋಗಿರುತ್ತದೆ, ಅಂಗಡಿಯಲ್ಲಿ ದಪ್ಪ ಹಗ್ಗ ಖಾಲಿಯಾಗಿರುತ್ತದೆ, ಕಲಾಸಿಗಳು (ಬೋಟ್‌ನ ಕೆಲಸದವರು) ಅರ್ಧ ಜನ ಊರಿನ ಬಸ್ ಹತ್ತಿರುತ್ತಾರೆ.

ಅದಕ್ಕೆ ಹೀಗೆ ಹಂಚಿಕೊಳ್ಳಿ. ಮೊದಲ ಸೂಚನೆ ಬಂದಾಗ ಸಾಮಾನು ಮತ್ತು ಜಾಗ. ಹಳದಿ ಬಂದಾಗ ಡೆಕ್ ಖಾಲಿ ಮಾಡುವುದು, ಪಂಪ್ ನೋಡುವುದು. ಕಿತ್ತಳೆಗೆ ಹಗ್ಗ ಮತ್ತು ಟಯರ್. ಕೆಂಪು ಬಂದ ಮೇಲೆ ಬೋಟ್‌ನಲ್ಲಿ ಯಾರೂ ಇರಬಾರದು.

"ಅದು ಗುಜರಾತಿಗೆ ಹೋಗ್ತದೆ ಮಾರಾಯ್ರೆ, ನಮಗೆಂತದು?" ಈ ಮಾತು ಪ್ರತಿ ಸಲ ಕೇಳುತ್ತೇನೆ. 2021ರ ಮೇ ತಿಂಗಳಿನಲ್ಲಿ ತೌಕ್ತೆ ನೆಲ ಮುಟ್ಟಿದ್ದು ಗುಜರಾತಿನಲ್ಲೇ. ಅದಕ್ಕೆ ಎರಡು ದಿನ ಮುಂಚೆ ನಮ್ಮ ಕರಾವಳಿಯಲ್ಲಿ ಅದು ಏನು ಮಾಡಿತು ಎಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. 2019ರ ಅಕ್ಟೋಬರಿನ ಕ್ಯಾರ್ ಭಾರತದ ನೆಲವನ್ನೇ ಮುಟ್ಟಲಿಲ್ಲ, ಆದರೂ ನಮ್ಮ ಬೋಟ್‌ಗಳು ಕಾರವಾರಕ್ಕೆ ಓಡಿ ಆಶ್ರಯ ಪಡೆದವು. ಕೇಂದ್ರ ಎಲ್ಲಿ ನೆಲ ಮುಟ್ಟುತ್ತದೆ ಅನ್ನುವುದಕ್ಕಿಂತ ನಮ್ಮ ಎದುರಿನ ಕಡಲಿನಲ್ಲಿ ಅದು ಎಷ್ಟು ದೂರದಲ್ಲಿ ಹಾದುಹೋಗುತ್ತದೆ ಅನ್ನುವುದು ನಮಗೆ ಮುಖ್ಯ.

ಹವಾಮಾನ ಇಲಾಖೆಯ ಗಾಳಿ ಸೂಚನೆಯ ಜೊತೆಗೆ ಇನ್‌ಕಾಯ್ಸ್ (ಕಡಲಿನ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ) ಕೊಡುವ ಅಲೆಯ ಎತ್ತರದ ಸೂಚನೆಯನ್ನೂ ನೋಡಿ. ಉಬ್ಬರ ಇಳಿತದ ಸಮಯ ಬರೆದಿಟ್ಟುಕೊಳ್ಳಿ. ಹುಣ್ಣಿಮೆ ಅಮಾವಾಸ್ಯೆ ಹತ್ತಿರ ಇದ್ದರೆ ನೀರು ಮಾಮೂಲಿಗಿಂತ ಮೇಲೆ ಬರುತ್ತದೆ, ಚಂಡಮಾರುತ ಅದರ ಮೇಲೆ ಇನ್ನಷ್ಟು ನೂಕುತ್ತದೆ.

ಕಡಲಿನಲ್ಲಿ ಇದ್ದಾಗಲೇ ಸುದ್ದಿ ಬಂದರೆ ಅಳಿವೆ ಬಾಗಿಲಿನ (ಹೊಳೆ ಕಡಲು ಸೇರುವ ಜಾಗ) ಲೆಕ್ಕ ಮೊದಲು ಹಾಕಿ. ಅಲೆ ಒಡೆಯಲು ಶುರುವಾಗುವ ಮುಂಚೆ ತಲುಪುತ್ತೀರಾ? ಹೌದು ಎಂದಾದರೆ ಬಲೆ ಎಳೆದು ಹೊರಡಿ. ಅನುಮಾನ ಇದ್ದರೆ ಅಳಿವೆಯ ಆಸೆ ಬಿಡಿ. ಕಾರವಾರದಂತೆ ಗುಡ್ಡ, ದ್ವೀಪಗಳ ಮರೆ ಇರುವ ಬಂದರಿಗೆ ಸಮಯ ಇರುವಾಗಲೇ ತಿರುಗಿಸಿ. ಮನೆ ಕಣ್ಣಿಗೆ ಕಾಣುತ್ತಿದೆ ಅಂತ ಅಳಿವೆಯಲ್ಲಿ ನುಗ್ಗಿಸಿ ಮಗುಚಿದ ಬೋಟ್‌ಗಳು ಕಡಿಮೆ ಏನಿಲ್ಲ.

ಹಂತ 2: ಸಾಮಾನು ಮೊದಲೇ ಒಟ್ಟು ಮಾಡಿ

ಇದೆಲ್ಲ ಬೋಟ್‌ನಲ್ಲೇ ಅಥವಾ ಮನೆ ಶೆಡ್‌ನಲ್ಲಿ ಒಂದು ಗೋಣಿಯಲ್ಲಿ ಇರಬೇಕು. ಸುದ್ದಿ ಬಂದ ಮೇಲೆ ಹುಡುಕುವುದಲ್ಲ.

- ಕನಿಷ್ಠ ಎಂಟು ಹಗ್ಗ, ಅದರಲ್ಲಿ ನಾಲ್ಕು ಉದ್ದದವು. ನೈಲಾನ್ ಒಳ್ಳೆಯದು, ಜಗ್ಗಿದಾಗ ರಬ್ಬರಿನ ಹಾಗೆ ಸ್ವಲ್ಪ ಹಿಗ್ಗುತ್ತದೆ. ನೀರಲ್ಲಿ ತೇಲುವ ಪ್ಲಾಸ್ಟಿಕ್ ಹಗ್ಗ ಇದಕ್ಕೆ ಬೇಡ. ಬಿಸಿಲಿಗೆ ಒಣಗಿ ಪುಡಿಯಾಗಿರುತ್ತದೆ, ಉಜ್ಜಿದರೆ ಬೇಗ ಕರಗುತ್ತದೆ.
- ಹಳೇ ಫೈರ್ ಹೋಸ್ ಅಥವಾ ದಪ್ಪ ಕ್ಯಾನ್ವಾಸ್ ಬಟ್ಟೆ, ಅದನ್ನು ಬಿಗಿಯಲು ತೆಳು ಹುರಿ.
- ಬದಿಗೆ ಪೆಟ್ಟು ತಾಗದ ಹಾಗೆ ನೇತು ಹಾಕುವ ಟಯರ್‌ಗಳು. ಈಗ ಎಷ್ಟು ನೇತಾಡುತ್ತಿವೆಯೋ ಅದರ ಎರಡರಷ್ಟು.
- ಚಾರ್ಜ್ ಇರುವ ಬ್ಯಾಟರಿ, ಹೆಚ್ಚಿನ ಬಿಲ್ಜ್ ಪಂಪ್ (ಬೋಟ್‌ನ ತಳದಲ್ಲಿ ನಿಂತ ನೀರು ಎತ್ತುವುದು) ಒಂದು, ಕೈಪಂಪ್ ಒಂದು.
- ಬೇರೆ ಬೇರೆ ಗಾತ್ರದ ಮರದ ಬೆಣೆಗಳು, ತೂತು ಮುಚ್ಚಲು.
- ಹೆಡ್‌ಲೈಟ್, ಲೈಫ್ ಜಾಕೆಟ್, ಹರಿತವಾದ ಕತ್ತಿ.

ಹಗ್ಗವನ್ನು ಪರೀಕ್ಷೆ ಮಾಡುವುದಕ್ಕೆ ಹೊರಗೆ ನೋಡಿದರೆ ಸಾಲದು. ಎಳೆಗಳನ್ನು ತಿರುಚಿ ಬಿಡಿಸಿ ಒಳಗೆ ನೋಡಿ. ಒಳಗೆ ಬಿಳಿ ಹುಡಿ ಕಂಡರೆ, ಇಲ್ಲಾ ಹಗ್ಗ ಮರದ ಬೇರಿನ ಹಾಗೆ ಗಟ್ಟಿಯಾಗಿದ್ದರೆ, ಅದು ಈ ಕೆಲಸಕ್ಕೆ ಇಲ್ಲ. ಬಟ್ಟೆ ಒಣಗಿಸಲು ಇಟ್ಟುಕೊಳ್ಳಿ.

ಹಂತ 3: ಜಾಗ ಹಿಡಿಯಿರಿ

ಎಂಟು ಹಗ್ಗ ಕಟ್ಟಿದರೂ ಜಾಗ ಕೆಟ್ಟದಾದರೆ ಸುಮ್ನೆ. ಅಟ್ಲಾಂಟಿಕ್ ಕಡೆ ಇದೇ ಬಿರುಗಾಳಿಗೆ ಹರಿಕೇನ್ ಎಂದು ಹೆಸರು. ಆ ಕಡೆಯವರ ವಿಡಿಯೋಗಳಲ್ಲಿ ಮೊದಲ ಸಲಹೆಯೇ ಬೋಟನ್ನು ನೀರಿನಿಂದ ಎತ್ತಿ ನೆಲದ ಮೇಲಿಡಿ ಅಂತ. ಸಲಹೆ ಸರಿ. ಆದರೆ ಮಲ್ಪೆಯಲ್ಲೋ ಮಂಗಳೂರು ದಕ್ಕೆಯಲ್ಲೋ ಮೂರು ದಿನದಲ್ಲಿ ಎಷ್ಟು ಟ್ರಾಲ್ ಬೋಟ್ ಎತ್ತಲು ಆಗುತ್ತದೆ ಹೇಳಿ? ಮೇಲೆ ಎಳೆಯುವ ಅವಕಾಶ ಇದ್ದವರು ಎಳೆಯಿರಿ. ಉಳಿದವರು ನೀರಿನಲ್ಲೇ ಒಳ್ಳೆ ಜಾಗ ಹುಡುಕಬೇಕು.

ಇಲ್ಲಿ ಗಾಳಿಯ ದಿಕ್ಕು ತಿಳಿದಿರಬೇಕು. ನಮ್ಮ ಭಾಗದಲ್ಲಿ ಚಂಡಮಾರುತ ಗಡಿಯಾರಕ್ಕೆ ಎದುರಾಗಿ ಸುತ್ತುತ್ತದೆ. ಅದು ನಮ್ಮ ಪಶ್ಚಿಮಕ್ಕೆ, ಕಡಲಿನಲ್ಲಿ, ತೆಂಕಿನಿಂದ ಬಡಗಿಗೆ ಹೋಗುತ್ತಿದೆ ಎಂದುಕೊಳ್ಳಿ. ಮೊದಲು ಗಾಳಿ ಪೂರ್ವ, ಆಗ್ನೇಯದಿಂದ ಬರುತ್ತದೆ, ಅಂದರೆ ಊರಿನ ಕಡೆಯಿಂದ. ಕೇಂದ್ರ ನಮ್ಮ ಎದುರಿಗೆ ಬಂದಾಗ ತೆಂಕಿನಿಂದ. ದಾಟಿ ಮುಂದೆ ಹೋದ ಮೇಲೆ ನೈಋತ್ಯದಿಂದ, ಕಡಲಿನ ಕಡೆಯಿಂದ. ಸಂಜೆ ಹೊತ್ತು ಬೋಟನ್ನು ದಕ್ಕೆಯಿಂದ ಆಚೆ ಜಗ್ಗುತ್ತಿದ್ದ ಗಾಳಿ ನಡುರಾತ್ರಿ ಅದೇ ಬೋಟನ್ನು ದಕ್ಕೆಗೇ ಬಡಿಯಬಹುದು. ಸಂಜೆ ಬೀಸುವ ಗಾಳಿ ನೋಡಿ ಕಟ್ಟಿದವರು ರಾತ್ರಿ ಕೆಡುವುದು ಇದರಿಂದಲೇ.

ಹಾಗಾಗಿ ಒಂದೇ ಕಡೆಯ ಮರೆ ಇರುವ ಜಾಗಕ್ಕಿಂತ ಸುತ್ತ ಮರೆ ಇರುವ ಜಾಗ ಮೇಲು. ಅಳಿವೆಯ ನೇರಕ್ಕೆ ನಿಲ್ಲಬೇಡಿ, ಅಲೆ ಅಲ್ಲಿಂದಲೇ ಒಳಗೆ ನುಗ್ಗುವುದು. ಹೊಳೆಯಲ್ಲಿ ಒಳಗೆ ಹೋಗಿ ಲಂಗರು ಹಾಕುವುದು ಒಳ್ಳೆ ಉಪಾಯವೇ, ಆದರೆ ಘಟ್ಟದಲ್ಲಿ ಮಳೆ ಬಂದರೆ ಹೊಳೆಯ ಸೆಳೆತ ಜೋರಾಗುತ್ತದೆ, ಮರದ ದಿಮ್ಮಿ ತೇಲಿ ಬರುತ್ತವೆ. ನಡು ಹೊಳೆ ಬಿಟ್ಟು ತಿರುವಿನ ಒಳಬದಿ ಹುಡುಕಿ. ಸೇತುವೆಗೆ ಹೊಳೆ ಹರಿದು ಬರುವ ಕಡೆ ನಿಲ್ಲಿಸಬೇಡಿ. ಹಗ್ಗ ಕಡಿದರೆ ಬೋಟ್ ಸೀದಾ ಸೇತುವೆಯ ಕಂಬಕ್ಕೆ ಹೋಗುತ್ತದೆ.

ಲಂಗರು ಹಾಕುವವರಿಗೆ ಲೆಕ್ಕ ಹೀಗೆ. ನೀರಿನ ಆಳ 4 ಮೀಟರ್, ಉಬ್ಬರ ಮತ್ತು ಚಂಡಮಾರುತದ ಏರಿಕೆಗೆ 2 ಮೀಟರ್, ನೀರಿನಿಂದ ಮೂತಿಯವರೆಗೆ (ಬೋಟ್‌ನ ಮುಂತುದಿ) 2 ಮೀಟರ್. ಒಟ್ಟು 8. ಮಾಮೂಲಿ ದಿನದ ಹಾಗಲ್ಲ, ಇವತ್ತು ಈ ಒಟ್ಟು ಲೆಕ್ಕದ ಹತ್ತರಷ್ಟು ಹಗ್ಗ ಬಿಡಬೇಕು, ಅಂದರೆ 80 ಮೀಟರ್. ಲಂಗರಿನ ಹತ್ತಿರದ ಭಾಗ ಸರಪಳಿ ಇರಲಿ. ಎರಡು ಲಂಗರು ಇದ್ದರೆ ಮೂತಿಯಿಂದ ಇಂಗ್ಲಿಷಿನ ವಿ ಅಕ್ಷರದ ಹಾಗೆ ಬೇರೆ ಬೇರೆ ದಿಕ್ಕಿಗೆ ಹಾಕಿ. ಸುತ್ತ ಅಷ್ಟು ತಿರುಗಲು ಜಾಗ ಇಲ್ಲದಿದ್ದರೆ ಅದು ಲಂಗರು ಹಾಕುವ ಜಾಗ ಅಲ್ಲ.

ಹಂತ 4: ಡೆಕ್ ಬೋಳು ಮಾಡಿ

ಗಾಳಿಯ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. 40 ಕಿಲೋಮೀಟರ್ ವೇಗದ ಗಾಳಿ ಒಂದು ಚದರ ಮೀಟರ್ ಟಾರ್ಪಾಲನ್ನು ಸುಮಾರು 7–8 ಕೆಜಿ ಬಲದಿಂದ ತಳ್ಳುತ್ತದೆ. 80 ಕಿಲೋಮೀಟರ್ ಆದಾಗ ಅದು 30 ಕೆಜಿ. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲದ ಒಂದು ಸಾಮಾನ್ಯ ಟಾರ್ಪಾಲ್ ಬಿಚ್ಚದೆ ಬಿಟ್ಟರೆ ನಿಮ್ಮ ಹಗ್ಗಗಳಿಗೆ 180 ಕೆಜಿ ಹೆಚ್ಚಿನ ಭಾರ. ಚಂಡಮಾರುತ ಎಂಬ ಹೆಸರು ಬರುವುದೇ ಗಾಳಿ ಗಂಟೆಗೆ 62 ಕಿಲೋಮೀಟರ್ ದಾಟಿದ ಮೇಲೆ.

ಆದ್ದರಿಂದ ಟಾರ್ಪಾಲ್, ಬಾವುಟ, ಬೋಯೆ, ಕ್ರೇಟ್, ಮೀನಿನ ಬುಟ್ಟಿ, ಆಂಟೆನಾ, ಬಿಚ್ಚಲು ಬರುವ ಲೈಟ್ ಎಲ್ಲ ಇಳಿಸಿ. ಜೂನ್ ತಿಂಗಳಿನಲ್ಲಿ ಇದು ಇನ್ನೂ ಮುಖ್ಯ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ, ಬೋಟ್ ಕಟ್ಟಿ ಟಾರ್ಪಾಲ್ ಹೊದಿಸಿ ಮನೆಗೆ ಹೋಗಿರುತ್ತೇವೆ, ಇನ್ನು ಎಂತ ಚಿಂತೆ ಅಂತ. 2023ರ ಬಿಪರ್‌ಜಾಯ್ ಬಂದದ್ದು ಜೂನ್‌ನಲ್ಲೇ. ಮಳೆಗೆ ಅಂತ ಹೊದಿಸಿದ ಟಾರ್ಪಾಲ್ ಬಿರುಗಾಳಿಗೆ ಹಾಯಿ ಆಗುತ್ತದೆ.

ಬಲೆ ಇಳಿಸಲು ಆದರೆ ಇಳಿಸಿ. ಪರ್ಸೀನ್ ಬಲೆಯ ಭಾರಕ್ಕೆ ಅದು ಆಗದ ಮಾತು ಎಂದಾದರೆ ಒಟ್ಟು ಮಾಡಿ, ಮೇಲಿಂದ ಅಡ್ಡ ಉದ್ದ ಹಗ್ಗ ಹಾಕಿ ಬಿಗಿಯಿರಿ. ಒಂದು ತುದಿ ನೀರಿಗೆ ಜಾರಿದರೆ ಸಾಕು, ಬಲೆ ಪೂರ್ತಿ ಅದರ ಹಿಂದೆ ಹೋಗುತ್ತದೆ, ಮರುದಿನ ಬೋಟ್ ಅಡಿಯ ಫ್ಯಾನಿಗೆ (ಪ್ರೊಪೆಲ್ಲರ್) ಸುತ್ತಿಕೊಂಡಿರುತ್ತದೆ. ಬಲೆಯ ಬಾಯಿ ಅಗಲಿಸುವ ಟ್ರಾಲ್ ಬೋರ್ಡ್‌ಗಳನ್ನು ನೇತಾಡಲು ಬಿಡದೆ ಡೆಕ್ ಮೇಲೆ ಮಲಗಿಸಿ ಕಟ್ಟಿ.

ಅಡುಗೆಯ ಗ್ಯಾಸ್ ಸಿಲಿಂಡರ್ ದಡಕ್ಕೆ. ಆರ್‌ಸಿ, ಲೈಸೆನ್ಸ್, ವಿಮೆ, ಡೀಸೆಲ್ ಪಾಸ್ ಪುಸ್ತಕ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಮನೆಗೆ. ಹಾಗೆಯೇ ಒಂದು ಸುತ್ತು ಬಂದು ಬೋಟ್‌ನ ನಾಲ್ಕೂ ಕಡೆ ಫೋಟೊ, ವಿಡಿಯೋ ತೆಗೆಯಿರಿ. ವಿಮೆಯವರು ಮೊದಲು ಕೇಳುವುದು "ಮುಂಚೆ ಹೇಗಿತ್ತು?" ಅಂತ.

ಹಂತ 5: ನೀರು ಹೊರಗೆ ಹೋಗುವ ದಾರಿ

ಇದು ನನ್ನ ಕಸುಬು, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

40 ಚದರ ಮೀಟರ್ ಡೆಕ್ ಮೇಲೆ 200 ಮಿಲಿಮೀಟರ್ ಮಳೆ ಬಂದರೆ 8,000 ಲೀಟರ್ ನೀರು. ಎಂಟು ಟನ್. ಡೆಕ್‌ನ ಬದಿಯ ತೂತುಗಳಿಂದ ಅದು ಹರಿದು ಹೋಗಬೇಕು. ತೌಕ್ತೆಯ ಮರುದಿನ ನನ್ನ ಭಾವನ ಬೋಟ್‌ಗೆ ಹೋದೆ. ಹಿಂಬದಿ ತಗ್ಗಿ ನಿಂತಿತ್ತು. ಎಲ್ಲೋ ಒಡೆದಿದೆ ಎಂದು ಅರ್ಧ ಗಂಟೆ ಹುಡುಕಿದೆವು, ಏನೂ ಸಿಗಲಿಲ್ಲ. ಕೊನೆಗೆ ಮೊಣಕಾಲು ನೀರಿನಲ್ಲಿ ಕೈ ಆಡಿಸಿದರೆ ತೂತಿನ ಬಾಯಿಗೆ ಅಂಟಿಕೊಂಡು ಒಂದು ಹವಾಯಿ ಚಪ್ಪಲಿ. ನೀಲಿ ಪಟ್ಟಿಯದ್ದು, ಎಡಗಾಲಿನದು. ಅದನ್ನು ಎಳೆದ ಕೂಡಲೇ ನೀರು ಗುಳುಗುಳು ಎಂದು ಇಳಿಯಿತು. ಆದರೆ ಅಷ್ಟರಲ್ಲಿ ಹ್ಯಾಚ್‌ನ (ಡೆಕ್‌ನಿಂದ ಕೆಳಗಿಳಿಯುವ ಬಾಯಿ) ಸಂದಿಯಿಂದ ಎಂಜಿನ್ ರೂಮಿಗೆ ನೀರು ಇಳಿದು ಸ್ಟಾರ್ಟರ್ ಮುಳುಗಿ ಆಗಿತ್ತು. ಚಪ್ಪಲಿ ಯಾರದೆಂದು ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ.

ಅದಕ್ಕೆ ಮೊದಲು ಡೆಕ್ ಗುಡಿಸಿ. ಬಲೆಯ ತುಂಡು, ಥರ್ಮೋಕೋಲ್, ಪ್ಲಾಸ್ಟಿಕ್, ಮೀನಿನ ಸಿಪ್ಪೆ ಎಲ್ಲ. ಆಮೇಲೆ ಪ್ರತಿ ತೂತಿಗೂ ಕಡ್ಡಿ ಹಾಕಿ ನೋಡಿ, ಒಂದೊಂದು ಬಕೆಟ್ ನೀರು ಹೊಯ್ದು ನೋಡಿ.

ನಂತರ ಬಿಲ್ಜ್, ಅಂದರೆ ಬೋಟ್‌ನ ತಳ. ಎಣ್ಣೆ, ಕಸ ತೆಗೆದು ತೊಳೆಯಿರಿ, ಪಂಪ್‌ನ ಬಾಯಿಗೆ ಸಿಕ್ಕಿಕೊಳ್ಳುವುದು ಇದೇ ಕಸ. ಫ್ಲೋಟ್ ಸ್ವಿಚ್‌ಅನ್ನು ಕೈಯಿಂದ ಎತ್ತಿ, ಪಂಪ್ ತಾನಾಗಿ ಶುರುವಾಗುತ್ತದಾ ನೋಡಿ. ಶಬ್ದ ಬಂದರೆ ಸಾಲದು, ಹೊರಗೆ ನೀರು ಬೀಳುವುದನ್ನು ಕಣ್ಣಾರೆ ನೋಡಬೇಕು.

ಬ್ಯಾಟರಿ ಲೆಕ್ಕ: ಪಂಪ್ 5 ಆಂಪಿಯರ್ ಎಳೆಯುತ್ತದೆ, ಬ್ಯಾಟರಿ 100 ಆಂಪಿಯರ್-ಅವರ್ ಎಂದಾದರೆ ಕಾಗದದ ಮೇಲೆ 20 ಗಂಟೆ. ನಿಜದಲ್ಲಿ ಅರ್ಧದಷ್ಟು ನಂಬಿ, 10 ಗಂಟೆ. ಹಳೇ ಬ್ಯಾಟರಿ ಆದರೆ ಇನ್ನೂ ಕಡಿಮೆ. ದಡದ ಕರೆಂಟ್ ನಂಬಬೇಡಿ, ಗಾಳಿ ಬಂದರೆ ಮೊದಲು ಹೋಗುವುದೇ ಅದು. ಲೈಟ್, ಫ್ಯಾನ್, ಸ್ಟೀರಿಯೊ ಎಲ್ಲದರ ವೈರ್ ಬಿಚ್ಚಿ, ಬ್ಯಾಟರಿ ಪಂಪ್ ಒಂದಕ್ಕೇ ಇರಲಿ. ಬ್ಯಾಟರಿಯನ್ನು ಆದಷ್ಟು ಎತ್ತರದಲ್ಲಿ ಪಟ್ಟಿ ಹಾಕಿ ಬಿಗಿಯಿರಿ.

ಫ್ಯಾನಿನ ಶಾಫ್ಟ್ ಹೊರಗೆ ಹೋಗುವಲ್ಲಿರುವ ಗ್ಲ್ಯಾಂಡ್‌ನಿಂದ ನೀರು ಹನಿಯುತ್ತಿದ್ದರೆ ಅದರೊಳಗೆ ಸುತ್ತಿದ ಡೋರಿ ಈಗಲೇ ಬದಲಿಸಿ ಅಥವಾ ಬಿಗಿಯಿರಿ. ಬೋಟ್ ಜಾಗಕ್ಕೆ ಬಂದು ಎಂಜಿನ್ ಕೆಲಸ ಮುಗಿದ ಮೇಲೆ ಕಡಲ ನೀರು ಒಳಗೆ ಎಳೆಯುವ ವಾಲ್ವ್ ಮುಚ್ಚಿ. ಎಗ್ಸಾಸ್ಟ್ ಬಾಯಿಗೆ ಮರದ ಬೆಣೆ ಹೊಡೆಯಿರಿ. ಮತ್ತೆ ಇದನ್ನು ಮರೆಯಬೇಡಿ: ಒಂದು ರಟ್ಟಿನ ಮೇಲೆ "ವಾಲ್ವ್ ಮುಚ್ಚಿದೆ, ಎಗ್ಸಾಸ್ಟ್ ಮುಚ್ಚಿದೆ" ಎಂದು ದೊಡ್ಡದಾಗಿ ಬರೆದು ಸ್ಟೀರಿಂಗ್‌ಗೆ ಕಟ್ಟಿ. ಇಲ್ಲದಿದ್ದರೆ ಚಂಡಮಾರುತ ದಾಟಿದ ಎಂಜಿನ್ ಮರುದಿನ ನಿಮ್ಮ ಕೈಯಲ್ಲೇ ಸಾಯುತ್ತದೆ.

ಫೈಬರ್ ಬೋಟ್ ಆಗಲಿ ಮರದ್ದಾಗಲಿ, ಹ್ಯಾಚ್‌ಗಳ ಮುಚ್ಚಳ ಹಗ್ಗ ಹಾಕಿ ಕಟ್ಟಿ. ಭಾರ ಇದೆ, ಹಾರುವುದಿಲ್ಲ ಅನ್ನಬೇಡಿ.

ಹಂತ 6: ಈಗ ಹಗ್ಗ

ಮೊದಲ ಪ್ರಶ್ನೆ, ಯಾವುದಕ್ಕೆ ಕಟ್ಟುತ್ತೀರಿ? ದಕ್ಕೆಯ ಗೂಟಕ್ಕೆ ಆಗಲೇ ಆರು ಬೋಟ್ ಹಗ್ಗ ಇದ್ದರೆ ಏಳನೆಯದು ನಿಮ್ಮದು ಬೇಡ. ಬೋಟ್ ಮೇಲಿನ ಕಂಬದ ಬೋಲ್ಟ್‌ಗಳನ್ನೂ ಡೆಕ್ ಕೆಳಗಿನಿಂದ ನೋಡಿ. ಮರ ಕೊಳೆತಿದೆಯಾ, ತುಕ್ಕು ಹಿಡಿದಿದೆಯಾ, ಕೆಳಗೆ ಅಗಲದ ತಗಡು ಇದೆಯಾ? ಎರಡು ಹಗ್ಗ ಹಾಕುವುದಾದರೆ ಎರಡನ್ನೂ ಒಂದೇ ಕಂಬಕ್ಕೆ ಹಾಕಬೇಡಿ. ಕಂಬ ಕಿತ್ತರೆ ಎರಡೂ ಹೋಗುತ್ತವೆ.

ಎರಡನೆಯದು ಉದ್ದ. ಎಲ್ಲರೂ ತಪ್ಪುವುದು ಇಲ್ಲಿ. ಬಿಗಿ ಕಟ್ಟಿದರೆ ಬೋಟ್ ಅಲ್ಲಾಡುವುದಿಲ್ಲ ಅಂತ ನಮ್ಮ ಲೆಕ್ಕ. ಆದರೆ ನೀರು ಏರುತ್ತದಲ್ವಾ? 3 ಮೀಟರ್ ಹಗ್ಗ ಬಿಗಿಯಾಗಿ ಮಟ್ಟಸ ಕಟ್ಟಿದ್ದೀರಿ, ನೀರು ಒಂದೂವರೆ ಮೀಟರ್ ಏರಿತು ಎಂದುಕೊಳ್ಳಿ. ಈಗ ಆ ಹಗ್ಗ 3 ಮೀಟರ್ 35 ಸೆಂಟಿಮೀಟರ್ ಉದ್ದ ಇರಬೇಕಾಗುತ್ತದೆ. ಆ 35 ಸೆಂಟಿಮೀಟರ್ ಎಲ್ಲಿಂದ ಬರಬೇಕು? ಒಂದೋ ಹಗ್ಗ ಕಡಿಯುತ್ತದೆ, ಒಂದೋ ಕಂಬ ಕೀಳುತ್ತದೆ, ಎರಡೂ ಗಟ್ಟಿ ಇದ್ದರೆ ಬೋಟ್‌ನ ಆ ಬದಿ ಮೇಲೆ ಬರಲಾಗದೆ ನೀರೊಳಗೆ ಹೋಗುತ್ತದೆ. ಅದೇ ಹಗ್ಗ 10 ಮೀಟರ್ ಇದ್ದರೆ ಅಷ್ಟೇ ಏರಿಕೆಗೆ ಬೇಕಾಗುವುದು ಬರೀ 11 ಸೆಂಟಿಮೀಟರ್. ನೈಲಾನ್ ಅಷ್ಟು ಆರಾಮಾಗಿ ಹಿಗ್ಗುತ್ತದೆ. ಅಂದರೆ ಹತ್ತಿರದ ಗೂಟ ಬಿಟ್ಟು ದೂರದ ಗೂಟಕ್ಕೆ ಕಟ್ಟಿ. ಮೂತಿಯ ಹಗ್ಗ ಹಿಂದಿನ ಕಡೆ ಓರೆಯಾಗಿ, ಹಿಂಬದಿಯ ಹಗ್ಗ ಮುಂದಿನ ಕಡೆ ಓರೆಯಾಗಿ ಹೋದರೆ ಉದ್ದವೂ ಸಿಗುತ್ತದೆ, ಬೋಟ್ ಹಿಂದೆ ಮುಂದೆ ಓಡುವುದೂ ನಿಲ್ಲುತ್ತದೆ. ಸಾಧ್ಯವಾದರೆ ನೀರಿನ ಕಡೆಗೂ ಒಂದು ಲಂಗರು ಹಾಕಿ, ಬೋಟನ್ನು ದಕ್ಕೆಯಿಂದ ಸ್ವಲ್ಪ ದೂರ ಹಿಡಿಯುತ್ತದೆ.

ಮೂರನೆಯದು ಉಜ್ಜುವುದು. ಒಂದು ಸಲ ಕಡಿದ ಹಗ್ಗದ ತುದಿ ಹಿಡಿದು ನೋಡಿದೆ. ಜಗ್ಗಿ ಹರಿದದ್ದಾದರೆ ಎಳೆಗಳು ಕೂದಲಿನ ಹಾಗೆ ಕೆದರಿ ನಿಲ್ಲುತ್ತವೆ. ಇದು ಹಾಗಿರಲಿಲ್ಲ. ಒಂದು ಬದಿ ಚೂರಿಯಿಂದ ಕೊಯ್ದ ಹಾಗೆ ಚಪ್ಪಟೆ, ತುದಿಯಲ್ಲಿ ಮೇಣದ ಹನಿಯ ಹಾಗೆ ಕರಗಿ ಗಟ್ಟಿಯಾದ ಸಣ್ಣ ಉಂಡೆಗಳು. ಮೂತಿಯ ಕಬ್ಬಿಣದ ಅಂಚಿನ ಮೇಲೆ ಇಡೀ ರಾತ್ರಿ ಅದೇ ಜಾಗದಲ್ಲಿ ಹಿಂದೆ ಮುಂದೆ ಆಡಿತ್ತು. ಹಗ್ಗ ಹೊಸದೇ, ದಪ್ಪವೂ ಸಾಕಷ್ಟಿತ್ತು.

ಆದ್ದರಿಂದ ಹಗ್ಗ ಎಲ್ಲೆಲ್ಲಿ ಅಂಚಿಗೆ ತಾಗುತ್ತದೆಯೋ ಅಲ್ಲೆಲ್ಲ ಕ್ಯಾನ್ವಾಸ್ ಅಥವಾ ಫೈರ್ ಹೋಸ್ ಸುತ್ತಿ, ಎರಡು ತುದಿಯಲ್ಲಿ ಹುರಿಯಿಂದ ಹಗ್ಗಕ್ಕೇ ಬಿಗಿಯಿರಿ. ತಾಗುವ ಜಾಗದ ಎರಡೂ ಕಡೆ ಒಂದೊಂದು ಅಡಿ ಹೆಚ್ಚೇ ಇರಲಿ, ಹಗ್ಗ ಹಿಗ್ಗಿದಾಗ ಸುತ್ತಿದ್ದು ಜರಗುತ್ತದೆ. ಪ್ಲಾಸ್ಟಿಕ್ ಪೈಪ್ ತೂರಿಸುವವರು ಇದ್ದಾರೆ. ಬೇಡ. ನೈಲಾನ್ ಜಗ್ಗಿ ಸಡಿಲವಾಗುವಾಗ ಒಳಗೆ ಬಿಸಿಯಾಗುತ್ತದೆ, ಪೈಪ್ ಒಳಗೆ ಮಳೆನೀರು ತಾಗದೆ ಆ ಬಿಸಿ ಆರುವುದಿಲ್ಲ. ಬಟ್ಟೆಯಾದರೆ ಒದ್ದೆಯಾಗಿ ತಣ್ಣಗಿರುತ್ತದೆ.

ಗಂಟು ಹಾಕಿದ ಹಗ್ಗದ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎರಡು ಹಗ್ಗ ಗಂಟು ಹಾಕಿ ಉದ್ದ ಮಾಡುವ ಬದಲು ಒಂದೇ ಉದ್ದದ ಹಗ್ಗ ತನ್ನಿ. ಎಳೆ ಬಿಡಿಸಿ ಹೆಣೆದ ಕುಣಿಕೆ ಗಂಟಿಗಿಂತ ಎಷ್ಟೋ ಗಟ್ಟಿ. ಹೆಣೆಯಲು ಬರುವ ಹಿರಿಯ ತಾಂಡೇಲರು (ಬೋಟ್ ನಡೆಸುವವರು) ಇನ್ನೂ ಇದ್ದಾರೆ, ಬಿಡುವಿನಲ್ಲಿ ಅವರ ಹತ್ತಿರ ಮಾಡಿಸಿಟ್ಟುಕೊಳ್ಳಿ.

ಹಂತ 7: ಪಕ್ಕದ ಬೋಟ್

ನಮ್ಮ ದಕ್ಕೆಗಳಲ್ಲಿ ಬೋಟ್‌ಗೆ ಬೋಟ್ ತಾಗಿಸಿ ಐದಾರು ಸಾಲು ಕಟ್ಟದೆ ಬೇರೆ ದಾರಿ ಇಲ್ಲ. ಹೊರಗಿನ ಬೋಟ್‌ನವರು ಒಳಗಿನ ಬೋಟ್‌ಗೆ ಹಗ್ಗ ಕಟ್ಟಿ ಸುಮ್ಮನಾಗುತ್ತಾರೆ. ಆಗ ಒಳಗಿನ ಒಂದು ಬೋಟ್‌ನ ಹಗ್ಗ ಆರು ಬೋಟ್ ಹಿಡಿಯಬೇಕಾಗುತ್ತದೆ. ಪ್ರತಿ ಬೋಟ್‌ಗೂ ದಡಕ್ಕೆ ಅದರದ್ದೇ ಎರಡು ಹಗ್ಗ ಬೇಕು. ಪಕ್ಕದವರ ಹತ್ತಿರ ಮಾತಾಡಿ, ಅವರ ಡೆಕ್ ದಾಟಿ ಹೋಗಲಿ, ಜಗಳ ಬೇಡ.

ಕ್ಯಾಬಿನ್‌ಗೆ ಕ್ಯಾಬಿನ್ ಎದುರಾಗದ ಹಾಗೆ ಒಂದನ್ನು ಸ್ವಲ್ಪ ಹಿಂದೆ, ಒಂದನ್ನು ಸ್ವಲ್ಪ ಮುಂದೆ ನಿಲ್ಲಿಸಿ. ಬೋಟ್ ವಾಲಿದಾಗ ಮೇಲ್ಭಾಗವೇ ಮೊದಲು ಬಡಿದುಕೊಳ್ಳುವುದು. ಟಯರ್ ಒಂದೇ ಹಗ್ಗದಲ್ಲಿ ನೇತು ಹಾಕಿದರೆ ಎರಡೇ ಅಲೆಗೆ ಮೇಲೆ ಹಾರಿ ಕೂರುತ್ತದೆ, ಎರಡು ಹಗ್ಗ ಹಾಕಿ, ಬೇರೆ ಬೇರೆ ಎತ್ತರದಲ್ಲಿ. ಅಡಿಯಲ್ಲಿ ತೂತು ಮಾಡಿ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ.

ಮಾಲೀಕರು ಬಾರದೆ ಖಾಲಿ ಬಿದ್ದಿರುವ ಬೋಟ್ ನಿಮ್ಮ ಪಕ್ಕ ಇದ್ದರೆ? ಅವರಿಗೆ ಫೋನ್ ಮಾಡಿ. ಎತ್ತದಿದ್ದರೆ ನೀವೇ ಅದಕ್ಕೂ ಎರಡು ಹಗ್ಗ ಹಾಕಿ. ಪುಕ್ಕಟೆ ಸೇವೆ ಅನ್ನಿಸಬಹುದು, ಆದರೆ ರಾತ್ರಿ ಬಿಚ್ಚಿಕೊಂಡು ಬರುವುದು ಅದೇ ಬೋಟ್, ಬಂದು ಬಡಿಯುವುದು ನಿಮಗೇ.

ಹಂತ 8: ನಾಡದೋಣಿ ಮತ್ತು ಔಟ್‌ಬೋರ್ಡ್

ನಾಡದೋಣಿಯನ್ನು ನೀರಿನಲ್ಲಿ ಬಿಡಬೇಡಿ. ದೋಣಿಯ ಹಿಂಬದಿಗೆ ಸಿಕ್ಕಿಸಿದ ಔಟ್‌ಬೋರ್ಡ್ ಎಂಜಿನ್ ಕಳಚಿ ಮನೆಗೆ ಒಯ್ಯಿರಿ, ನಿಲ್ಲಿಸಿಯೇ ಇಡಿ. ದೋಣಿಯನ್ನು ಮರಳಿನ ಏರಿಯಿಂದ ಆಚೆ, ಸಾಧ್ಯವಾದರೆ ರಸ್ತೆಯ ಆ ಕಡೆ ಎಳೆಯಿರಿ. ಹಿಂದಿನ ಮಳೆಗಾಲದಲ್ಲಿ ಅಲೆ ಎಲ್ಲಿಯವರೆಗೆ ಬಂದಿತ್ತು ಎಂದು ನೆನಪಿದೆಯಲ್ಲ, ಅದಕ್ಕಿಂತ ಮೇಲೆ.

ತಳದ ಬೂಚು ತೆಗೆಯಿರಿ, ಮಳೆನೀರು ಹೋಗಲಿ. ಎರಡು ತುದಿಯನ್ನೂ ನೆಲಕ್ಕೆ ಕಟ್ಟಿ. ಉದ್ದದ ಗೂಟ ಓರೆಯಾಗಿ ಹೊಡೆಯಿರಿ, ಇಲ್ಲವೇ ಮರಳು ತುಂಬಿದ ಗೋಣಿಗಳನ್ನು ಮೂರಡಿ ಹೂತು ಅದಕ್ಕೆ ಕಟ್ಟಿ. ಖಾಲಿ ಫೈಬರ್ ದೋಣಿ ಗಾಳಿಗೆ ಮಗುಚಿ ಉರುಳುವುದು ತಡವಲ್ಲ. ದೋಣಿಯ ಒಳಗೂ ಮರಳಿನ ಚೀಲ ಇಡಿ.

ತೆಂಗಿನ ಮರಕ್ಕೆ ಕಟ್ಟುವುದು ನಮ್ಮ ಅಭ್ಯಾಸ. ಬೇರು ಕಾಣುತ್ತಿರುವ, ಕಡಲಿಗೆ ವಾಲಿದ ಮರಕ್ಕೆ ಮಾತ್ರ ಬೇಡ. ಅಲೆ ಬುಡದ ಮರಳು ಒಯ್ದರೆ ಮರದ ಜೊತೆ ದೋಣಿಯೂ ಹೋಗುತ್ತದೆ. ಮರದ ಅಡಿಗೇ ದೋಣಿ ಇಡಬೇಡಿ, ಕಾಯಿ ಬಿದ್ದು ಫೈಬರ್ ಒಡೆದದ್ದು ಎಷ್ಟೋ ಇದೆ.

ಹಂತ 9: ಇಳಿಯಿರಿ

ಕೆಂಪು ಎಚ್ಚರಿಕೆ ಬಂದ ಮೇಲೆ ಬೋಟ್‌ನಲ್ಲಿ ನಿಲ್ಲಬೇಡಿ. "ಹಗ್ಗ ನೋಡಿಕೊಳ್ಳಲು ಒಬ್ಬ ಇರಲಿ" ಅನ್ನುವ ಮಾತು ಬೇಡವೇ ಬೇಡ. ಆ ಗಾಳಿಯಲ್ಲಿ ಒಬ್ಬನಿಂದ ಒಂದು ಹಗ್ಗವನ್ನೂ ಸರಿ ಮಾಡಲು ಆಗುವುದಿಲ್ಲ. ಎರಡು ಬೋಟ್‌ಗಳ ನಡುವೆ ಕಾಲು ಸಿಕ್ಕಿದರೆ ಕಾಲು ಹೋಯಿತು.

ಇನ್ನೊಂದು ವಿಷಯ ಮಾಲೀಕರಿಗೆ. ಹೊರ ರಾಜ್ಯಗಳಿಂದ ಬಂದ ಕಲಾಸಿಗಳಿಗೆ ಬೋಟೇ ಮನೆ, ಮಲಗುವುದು, ಅಡುಗೆ ಎಲ್ಲ ಅಲ್ಲೇ. ಇಳಿಯಿರಿ ಅಂದರೆ ಅವರು ಹೋಗುವುದೆಲ್ಲಿಗೆ? ಆ ರಾತ್ರಿಗೆ ಜಾಗ, ಊಟ ನೀವು ಮೊದಲೇ ಮಾತಾಡಿಡಬೇಕು. ಇಲ್ಲದಿದ್ದರೆ ನೀವು ಮನೆಗೆ ಹೋದ ಮೇಲೆ ಅವರು ಮತ್ತೆ ಬೋಟ್ ಹತ್ತುತ್ತಾರೆ.

ಯಾರಾದರೂ ಕಡಲಿನಲ್ಲಿ ಸಿಕ್ಕಿಬಿದ್ದಿದ್ದು ಗೊತ್ತಾದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ವೈರ್‌ಲೆಸ್‌ನಲ್ಲಿ ಚಾನೆಲ್ 16.

ಗಾಳಿ ಸ್ವಲ್ಪ ನಿಂತ ಕೂಡಲೇ ದಕ್ಕೆಗೆ ಓಡಬೇಡಿ. ಮೂರನೇ ಹಂತದಲ್ಲಿ ಹೇಳಿದ ಹಾಗೆ ದಿಕ್ಕು ಬದಲಿಸಿ ಮತ್ತೆ ಬೀಸಬಹುದು.

ಹಂತ 10: ಮರುದಿನ

ದಕ್ಕೆಯಲ್ಲಿ ಕಡಿದು ಬಿದ್ದ ವೈರ್, ನೀರಿನಲ್ಲಿ ಮುಳುಗಿದ ಸ್ವಿಚ್ ಬೋರ್ಡ್ ಇದೆಯಾ ನೋಡಿ, ಆಮೇಲೆ ಬೋಟ್ ಹತ್ತಿ. ಏನನ್ನೂ ಅಲ್ಲಾಡಿಸುವ ಮೊದಲು ಫೋಟೊ.

ನಂತರ ಬಿಲ್ಜ್. ನೀರು ಇದ್ದರೆ ಮೊದಲು ಖಾಲಿ ಮಾಡಿ, ಆದರೆ ಎಣ್ಣೆ ತೇಲುತ್ತಿದ್ದರೆ ಅದನ್ನು ಬೇರೆ ತೆಗೆಯಿರಿ, ಹೊಳೆಗೆ ಬಿಡಬೇಡಿ. ಎಂಜಿನ್‌ನ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ಕೀ ತಿರುಗಿಸಲೇಬೇಡಿ, ಮೆಕ್ಯಾನಿಕ್ ಬರುವ ತನಕ ಹಾಗೇ ಬಿಡಿ. ಆಯಿಲ್ ಸರಿ ಇದ್ದರೆ ಸ್ಟೀರಿಂಗ್‌ಗೆ ಕಟ್ಟಿದ ರಟ್ಟು ಓದಿ, ಎಗ್ಸಾಸ್ಟ್ ಬೆಣೆ ತೆಗೆಯಿರಿ, ವಾಲ್ವ್ ತೆರೆಯಿರಿ, ಫ್ಯಾನಿಗೆ ಹಗ್ಗ, ಬಲೆ ಸುತ್ತಿದೆಯಾ ನೋಡಿ. ಆಮೇಲೆ ಸ್ಟಾರ್ಟ್.

ಔಟ್‌ಬೋರ್ಡ್ ಎಂಜಿನ್ ಉಪ್ಪುನೀರಿನಲ್ಲಿ ಮುಳುಗಿದ್ದರೆ ಸಿಹಿನೀರಿನಿಂದ ಚೆನ್ನಾಗಿ ತೊಳೆದು, ಪ್ಲಗ್ ಬಿಚ್ಚಿ, ಒಳಗಿನ ನೀರು ಬಸಿದು, ಆಯಿಲ್ ಬಿಟ್ಟು ಅದೇ ದಿನ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಅವರಿಗೆ ಅವತ್ತು ಪುರುಸೊತ್ತು ಇಲ್ಲದಿದ್ದರೆ, ಕೇಳಲು ವಿಚಿತ್ರ ಅನಿಸಬಹುದು, ಎಂಜಿನ್‌ಅನ್ನು ಸಿಹಿನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿಯೇ ಇಡಿ. ಗಾಳಿ ತಾಗಿದ ಮೇಲೆ ತುಕ್ಕು ಶುರುವಾಗುವುದು ಗಂಟೆಗಳ ಲೆಕ್ಕದಲ್ಲಿ.

ಹಗ್ಗ ಬಿಚ್ಚುವಾಗ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಉದ್ದಕ್ಕೂ ಸವರಿ ನೋಡಿ. ಗಟ್ಟಿಯಾಗಿ ಕರಗಿದ ಜಾಗ ಕೈಗೆ ಸಿಕ್ಕರೆ ಅಲ್ಲಿಗೆ ಕತ್ತರಿಸಿ, ಉಳಿದದ್ದನ್ನು ಒಣಗಿಸಿ ಗೋಣಿಗೆ ಹಾಕಿ.